ನಲವತ್ತಮೂರನೆಯ ಮನೆ

ಕಲ್ಬಾವಿಪಾಳ್ಯದಲ್ಲಿ ಆಗ ನಿಂತಿದ್ದದ್ದು ಒಂದೇ ಒಂದು ಮನೆ. ಸರ್ಕಾರದ ಕಾಗದ ನೋಡಿದರೆ, ಆ ಪಾಳ್ಯದಲ್ಲಿ ಯಾವತ್ತೂ ಯಾರೂ ವಾಸವಿಲ್ಲದ ಮನೆಯೂ ಅದೊಂದೇ.

ಇದು ಹೇಗಾಯಿತೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲಸೂರು ಕೆರೆ ದಾಟಿ ಮೂಡಣ ದಿಕ್ಕಿಗೆ ಎರಡು ಮೈಲಿ ನಡೆದರೆ ಸಿಗುತ್ತಿದ್ದ ಸಣ್ಣ ಊರು ಅದು. ಸುತ್ತ ದ್ರಾಕ್ಷಿ ಚಪ್ಪರ, ರಾಗಿ ಹೊಲ, ಸೊಪ್ಪಿನ ಮಡಿ. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ ಯುದ್ಧದ ಕ್ಯಾಂಪಿಗೆಂದು ದಂಡಿನವರು ಊರಿಗೆ ಊರನ್ನೇ ತೆಗೆದುಕೊಂಡರು. ಕೆಡವುವ ಮುಂಚೆ ಮನೆಗಳನ್ನು ಎಣಿಸಿ ನಲವತ್ತೆರಡು ಎಂದು ಬರೆದುಕೊಂಡರು. ಕೆಡವುವ ಕಂಟ್ರಾಕ್ಟರನ ಕೈಗೆ ಅದೇ ಪಟ್ಟಿ ಹೋಯಿತು. ಅವನು ಪಟ್ಟಿಯಲ್ಲಿದ್ದ ನಲವತ್ತೆರಡನ್ನೂ ನೆಲಸಮ ಮಾಡಿ, ಪಟ್ಟಿಯಲ್ಲಿಲ್ಲದ ನಲವತ್ತಮೂರನೆಯದನ್ನು ಮುಟ್ಟದೆ ಹೊರಟುಹೋದ. ಕೂಲಿ ಸಿಗದ ಗೋಡೆಗೆ ಯಾರು ಹಾರೆ ಹಾಕುತ್ತಾರೆ? ದಂಡಿನವರು ಅದರೊಳಗೆ ಡೇರೆಯ ಗೂಟ, ಸುಣ್ಣದ ಮೂಟೆ ತುಂಬಿಟ್ಟರು. ಆಮೇಲೆ ಯುದ್ಧವೂ ಮುಗಿಯಿತು, ದಂಡೂ ಹೋಯಿತು. ನಲವತ್ತಾರನೇ ಇಸವಿಯ ಕಾರ್ತೀಕದ ಹೊತ್ತಿಗೆ ಮುಳ್ಳುತಂತಿಯ ಬೇಲಿಯೊಳಗೆ ಲಾಂಟಾನ ಆಳೆತ್ತರ ಬೆಳೆದು, ಅದರ ನಡುವೆ ಈ ಮನೆ ಒಂಟಿಯಾಗಿ ಕೂತಿತ್ತು.

ಮನೆಯವರು ಮಾತ್ರ ಹಲಸೂರಿನಲ್ಲಿ, ಪಿಳ್ಳಪ್ಪನ ವಠಾರದ ಒಂದೇ ಕೋಣೆಯಲ್ಲಿ ನಾಲ್ಕು ಜನ ಕಾಲು ಮಡಚಿಕೊಂಡು ಮಲಗುತ್ತಿದ್ದರು. ಯಜಮಾನ ಮುನಿವೆಂಕಟಪ್ಪ, ಒಂದು ಕಾಲಕ್ಕೆ ಸ್ವಂತ ದ್ರಾಕ್ಷಿ ಬೆಳೆದವನು, ಈಗ ಕುಕ್ ಟೌನಿನ ಒಂದು ಬಂಗಲೆಯಲ್ಲಿ ದೊರೆಸಾನಿಯ ಗುಲಾಬಿಗೆ ನೀರು ಹಾಕುವ ಮಾಲಿ. ಅವನ ತಾಯಿ ಚಿಕ್ಕಮುನಿಯಮ್ಮನಿಗೆ ಎಪ್ಪತ್ತು ದಾಟಿತ್ತು. ಮಗ ಆದಿನಾರಾಯಣ ಇಪ್ಪತ್ತರ ಹುಡುಗ, ಪುರಸಭೆಯಲ್ಲಿ ಕಾಯಂ ಆಗದ ಜವಾನ. ಇವರೆಲ್ಲರ ಹೊಟ್ಟೆ ನೋಡಿಕೊಳ್ಳುತ್ತಿದ್ದವಳು ಮುನಿವೆಂಕಟಪ್ಪನ ಹೆಂಡತಿ ಆಂಜನಮ್ಮ. ಮುಂಚೆ ತಾನೇ ಬಿತ್ತಿ ಕೊಯ್ದು ಮಾರುತ್ತಿದ್ದ ಸೊಪ್ಪನ್ನು ಈಗ ಅವಳು ಕೋಳಿ ಕೂಗುವ ಹೊತ್ತಿಗೆ ಬ್ಲಾಕ್‌ಪಲ್ಲಿಯ ರಸೆಲ್ ಮಾರ್ಕೆಟ್ಟಿನಲ್ಲಿ ಕೊಂಡು, ಬುಟ್ಟಿ ಹೊತ್ತು ಬಂಗಲೆ ಬಂಗಲೆ ತಿರುಗಿ ಮಾರುತ್ತಿದ್ದಳು. ಕಂತೆ ಕೈಗೆ ಬಂದಾಗಲೆಲ್ಲ ಮೂಸಿ ನೋಡುವ ಅಭ್ಯಾಸ ಹೋಗಿರಲಿಲ್ಲ. ಚರಂಡಿ ನೀರಿನ ಸೊಪ್ಪೋ ಬಾವಿ ನೀರಿನದೋ ಎಂದು ವಾಸನೆಯಲ್ಲೇ ಹೇಳುತ್ತಿದ್ದಳು.

ಕಾರ್ತೀಕದ ಒಂದು ಸಂಜೆ ಆದಿನಾರಾಯಣ ಖಾಕಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿ ಊಟಕ್ಕೆ ಕೂತ. ರಾಗಿ ಮುದ್ದೆ, ಹುರುಳಿಕಾಳು ಸಾರು. ರೇಷನ್ನಿನ ರಾಗಿಯಲ್ಲಿ ಕಲ್ಲು ಸಿಗುತ್ತಿದ್ದ ಕಾಲ ಅದು.

"ಪಾಳ್ಯದೋರಿಗೆ ಸೈಟ್ ಕೊಡ್ತಾರಂತೆ," ಅಂದ. "ಹಳೇ ಜಾಗದಲ್ಲೇ. ಇವತ್ತು ನೋಟೀಸ್ ಬೋರ್ಡಿಗೆ ಪಟ್ಟಿ ಅಂಟಿಸಿದ್ದು ನಾನೇ."

ಮುನಿವೆಂಕಟಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ನಮ್ದು?"

"ನಲವತ್ತೆರಡು ಹೆಸ್ರು ಅಪ್ಪ. ಮೂರು ಸಲ ಓದ್ದೆ."

ಮೂಲೆಯಲ್ಲಿ ಕೂತಿದ್ದ ಚಿಕ್ಕಮುನಿಯಮ್ಮ, ಸಾರಿಗೆ ಉಪ್ಪು ಸಾಲದು ಅಂದಳು. ಆಂಜನಮ್ಮನಿಗೆ ಆ ಮಾತು ಕೇಳಿ ಮೈಯೆಲ್ಲ ಉರಿಯಿತು. ಉಪ್ಪಿನ ಡಬ್ಬಿಯನ್ನು ಅತ್ತೆಯ ಮುಂದೆ ಕುಕ್ಕಿದಳು.

ಅವಳಿಗೆ ಗೊತ್ತಿದ್ದದ್ದು ಇಷ್ಟು. ನಲವತ್ತೆರಡರ ಬೇಸಿಗೆಯಲ್ಲಿ ಮಾವ ಬೈಲಪ್ಪ ತೀರಿಕೊಂಡ. ಪಂಚಾಂಗ ನೋಡಿದ ಜೋಯಿಸರು ನಕ್ಷತ್ರ ಕೆಟ್ಟದ್ದು, ಆರು ತಿಂಗಳು ಮನೆ ಬಿಡಬೇಕು ಅಂದರು. ಊರಲ್ಲಿ ಎಲ್ಲರೂ ಪಾಲಿಸುತ್ತಿದ್ದ ಕಟ್ಟಳೆ ಅದು. ಅಂಥ ಗಳಿಗೆಯಲ್ಲಿ ಹೋದ ಜೀವ ಮನೆಗೆ ಮರಳಿ ಬಂದು ಇನ್ನೊಂದನ್ನು ಕರೆದೊಯ್ಯುತ್ತದೆ ಎನ್ನುವ ಭಯ. ಒಲೆ ಆರಿಸಿ, ಬಾಗಿಲು ಎಳೆದು, ಅದಕ್ಕೆ ಅಡ್ಡಲಾಗಿ ಜಾಲಿಮುಳ್ಳು ಬಡಿದು, ಮನೆಮಂದಿಯೆಲ್ಲ ನೂರು ಹೆಜ್ಜೆ ಆಚೆಯ ದ್ರಾಕ್ಷಿ ತೋಟದ ಗುಡಿಸಲಿಗೆ ಹೋದರು. ಆಂಜನಮ್ಮನಿಗೆ ಆಗಲೇ ಮನಸ್ಸಿರಲಿಲ್ಲ. ಮೂರು ತಿಂಗಳು ಸಾಲದೇ ಎಂದು ಕೇಳಿದ್ದಳು. ಚಿಕ್ಕಮುನಿಯಮ್ಮ, ನಿನಗೆ ಗಂಡ ಬೇಡವಾದರೆ ಹೇಳು, ನನಗೆ ಮಗ ಬೇಕು ಎಂದು ಬಾಯಿ ಮುಚ್ಚಿಸಿದ್ದಳು. ಎರಡು ತಿಂಗಳಾಗುವಷ್ಟರಲ್ಲಿ ಸರ್ವೆಯವರು ಬಂದರು. ಅವತ್ತು ಆಂಜನಮ್ಮ ಸೊಪ್ಪು ಮಾರಲು ಹೋಗಿದ್ದಳು, ಗಂಡ ಗಾಡಿ ಹೂಡಿಕೊಂಡು ಕೆ.ಆರ್. ಪುರದ ಸಂತೆಗೆ ಹೋಗಿದ್ದ. ಬಾಗಿಲಿಗೆ ಮುಳ್ಳು ಕಂಡು ಮನೆಯನ್ನು ಎಣಿಸದೆ ಬಿಟ್ಟುಬಿಟ್ಟಿದ್ದಾರೆ ಎಂದೇ ಅವಳು ತಿಳಿದಿದ್ದಳು. ಕೇಳಿದಾಗಲೆಲ್ಲ, ಎರಡನೇ ಪಟ್ಟಿಯಲ್ಲಿ ಬರುತ್ತದೆ ಎಂಬ ಉತ್ತರ. ಎರಡನೇ ಪಟ್ಟಿ ಬರುವ ಮೊದಲು ಲಾರಿಗಳು ಬಂದವು.

ಮರುದಿನ ಅವಳು ಬುಟ್ಟಿ ಖಾಲಿಯಾದ ಮೇಲೆ ಅಕ್ತರ್ ಸಾಹೇಬರ ಹತ್ತಿರ ಹೋದಳು. ಮಾರ್ಕೆಟ್ಟಿನ ಆಚೆ ಬೀದಿಯ ಮರದ ಕೆಳಗೆ ಸಣ್ಣ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದ ಮುದುಕ ಆತ. ಈ ಮನೆಯ ವಿಷಯವಾಗಿ ಆರು ಅರ್ಜಿ ಬರೆದುಕೊಟ್ಟಿದ್ದ. ಆರಕ್ಕೂ ಉತ್ತರವಿಲ್ಲದ್ದಕ್ಕೆ ಅವಳಿಗಿಂತ ಅವನಿಗೇ ಹೆಚ್ಚು ನಾಚಿಕೆ.

"ಏಳನೇದು ಬೇಡಮ್ಮಾ," ಅಂದ ಸಾಹೇಬ. "ಮೊದ್ಲು ಅವರು ಏನು ಬರ್ದವ್ರೆ ಅದು ನೋಡ್ಬೇಕು. ನಿಮ್ ಮಗಾ ಅಲ್ಲೇ ಇದ್ದಾನಲ್ಲ. ಹಳೇ ಕಾಗ್ಜ ಎಲ್ಲಾ ಅಲ್ಲೇ ಇರ್ತದೆ."

ಆದಿನಾರಾಯಣ ಮೊದಲು ಒಪ್ಪಲಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಸಂಕ್ರಾಂತಿ ಕಳೆದ ಮೇಲೆ ಕಾಯಂ ಮಾಡುತ್ತೇವೆ ಅಂದಿದ್ದಾರೆ, ಈಗ ಯಾಕೆ ಕೆಣಕುವುದು ಎಂದ. ಆಂಜನಮ್ಮ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವನು ಕೋಟಿನ ಒಳಜೇಬಿನಿಂದ ಒಂದು ಚೀಟಿ ತೆಗೆದ. ದೂಳು ಕೊಡವುವ ನೆಪದಲ್ಲಿ ಕಡತದ ಕೋಣೆಗೆ ಹೋಗಿ ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದ. ಅವನ ಮುಖ ನೋಡಿಯೇ ಅವಳು ಮುದ್ದೆ ತಿರುವುವ ಕೋಲನ್ನು ಕೆಳಗಿಟ್ಟಳು.

ಅವನು ತಲೆಯೆತ್ತದೆ ಓದಿದ. "ಪಾಳು ಮನೆ, ಬಾಗಿಲಿಗೆ ಮುಳ್ಳು. ಈ ಮನೆಯಲ್ಲಿ ಯಾರೂ ವಾಸವಿಲ್ಲವೆಂದು ಪಕ್ಕದ ತೋಟದ ಗುಡಿಸಲಿನ ಹೆಂಗಸು ಚಿಕ್ಕಮುನಿಯಮ್ಮ ಹೇಳಿಕೆ ಕೊಟ್ಟು ಹೆಬ್ಬೆಟ್ಟು ಒತ್ತಿರುತ್ತಾಳೆ. ಸಾಕ್ಷಿ, ಮುನಿರಾಜಪ್ಪ."

ಮುನಿವೆಂಕಟಪ್ಪ ತಾಯಿಯ ಕಡೆ ತಿರುಗಿ, ಇದು ನಿಜವೇನಮ್ಮ ಎಂದು ಮೆಲ್ಲಗೆ ಕೇಳಿದ.

"ಕೇಳಿದ್ರು, ಹೇಳ್ದೆ," ಅಂದಳು ಮುದುಕಿ. "ಮುಳ್ಳು ಹಾಕಿದ ಮನೇಲಿ ಯಾರವ್ರೆ ಅಂದ್ರೆ ಯಾರೂ ಇಲ್ಲ ಅನ್ಬೇಕು. ಇದೀವಿ ಅಂದ್ರೆ ಅದು ಕೇಳಿಸ್ಕೊಂಡು ಬರಲ್ವಾ? ನಿಮ್ಮಪ್ಪನ ಹಿಂದೆ ನೀನೂ ಹೋಗಬೇಕಾಗಿತ್ತಾ?"

"ಕೇಳಿದ್ದು ಯಮ ಅಲ್ಲ ಅತ್ತೆ, ಸರ್ವೆಯೋನು," ಅಂದಳು ಆಂಜನಮ್ಮ. "ಏನು ಬರೆದವ್ನೆ ಅಂತ ಕೇಳ್ದೆ ಹೆಬ್ಬೆಟ್ಟು ಯಾಕೆ ಒತ್ತಿದ್ರಿ?"

"ಮುನಿರಾಜ ಇದ್ನಲ್ಲ ಜೊತೇಲಿ. ನನ್ನ ಕೈ ಹಿಡಿದು ಒತ್ತಿಸಿದ್ದು ಅವನೇ. ಊರಿನ ಹುಡುಗ, ಮೋಸ ಮಾಡ್ತಾನಾ ಅಂದ್ಕೊಂಡೆ."

"ನಾಲ್ಕು ವರ್ಷ ಬಾಯಿ ಬಿಡ್ಲಿಲ್ಲ. ಆರು ಅರ್ಜಿ ಬರ್ಸಿದೀನಿ. ಆರು ಸಲವೂ ನೋಡ್ತಾ ಕೂತಿದ್ರಿ."

ಮುನಿವೆಂಕಟಪ್ಪ ಹೆಂಡತಿಗೆ ಸಾಕು ಮಾಡು ಅಂದ. ತಾಯಿಯ ಮೇಲೆ ಯಾರಾದರೂ ದನಿ ಎತ್ತಿದರೆ ಅವನಿಗೆ ಆಗುತ್ತಿರಲಿಲ್ಲ. ತನ್ನ ದನಿಯನ್ನು ಬೇರೆ ಎಲ್ಲಿಯೂ ಎತ್ತಲಾರದವನು ಅವನು. ಆಂಜನಮ್ಮ ಸಾಕು ಮಾಡಲಿಲ್ಲ. ನಿಮ್ಮಮ್ಮ ನಿಮ್ಮನ್ನು ಬದುಕಿಸಿಕೊಂಡರು, ಯಾತಕ್ಕೆ, ಇನ್ನೊಬ್ಬರ ಗುಲಾಬಿ ಕತ್ತರಿಸೋಕೆ ಎಂದುಬಿಟ್ಟಳು. ಅವತ್ತು ಮುದ್ದೆ ಹಸಿಯಾಗಿಯೇ ಉಳಿಯಿತು. ವಠಾರದವರು ಗೋಡೆಗೆ ಕಿವಿ ಕೊಟ್ಟು ಎಲ್ಲ ಕೇಳಿಸಿಕೊಂಡರು.

ಮಾರ್ಗಶಿರ ಪೂರ್ತಿ ಆ ಕೋಣೆಯಲ್ಲಿ ಅತ್ತೆಗೂ ಸೊಸೆಗೂ ಮಾತಿಲ್ಲ. ಆಂಜನಮ್ಮ ತಟ್ಟೆ ತಂದಿಡುವಳು, ಮುದುಕಿ ಉಣ್ಣುವಳು, ತಟ್ಟೆ ಹಿಂದಕ್ಕೆ ಬರುವುದು. ಅವರೆಕಾಯಿ ಕಾಲ ಬಂತು. ಪಾಳ್ಯದಲ್ಲಿದ್ದಾಗ ಅತ್ತೆ ಸೊಸೆ ಎದುರುಬದುರು ಕೂತು ಮೊರದ ತುಂಬ ಕಾಯಿ ಬಿಡಿಸುತ್ತಾ ಊರವರ ಸುದ್ದಿಯನ್ನೆಲ್ಲ ಬಿಡಿಸುತ್ತಿದ್ದ ಕಾಲ. ಈ ಸಲ ಒಬ್ಬಳು ಒಳಗೆ ಬಿಡಿಸಿದಳು, ಒಬ್ಬಳು ಜಗಲಿಯಲ್ಲಿ ಬಿಡಿಸಿದಳು. ಆಂಜನಮ್ಮನಿಗೆ ತನ್ನ ಹಟದ ಬಗ್ಗೆ ನಾಚಿಕೆಯಾಗುತ್ತಿತ್ತು. ಆದರೂ ಬೇಲಿಯೊಳಗಿನ ಆ ಬಾಗಿಲು ನೆನಪಾದರೆ ನಾಲಗೆ ಏಳುತ್ತಿರಲಿಲ್ಲ.

ಒಂದು ಬೆಳಗ್ಗೆ ಚಿಕ್ಕಮುನಿಯಮ್ಮ ಒಗೆದ ಸೀರೆ ಉಟ್ಟು ಕೋಲು ಹಿಡಿದು ಹೊರಟು ನಿಂತಳು.

"ಎಲ್ಲಿಗೆ?" ತಿಂಗಳಲ್ಲಿ ಸೊಸೆ ಆಡಿದ ಮೊದಲ ಮಾತು ಅದು.

"ಮುನಿರಾಜನ ಮನೆಗೆ. ನಾನು ಹೇಳಿದ್ದನ್ನ ನಾನೇ ವಾಪಸ್ ತಗೋತೀನಿ."

ಆಂಜನಮ್ಮ ಬುಟ್ಟಿಯನ್ನು ಅಲ್ಲೇ ಬಿಟ್ಟು ಜೊತೆಗೆ ನಡೆದಳು.

ಮುನಿರಾಜಪ್ಪ ಅವರದೇ ಪಾಳ್ಯದವನು. ಸರ್ವೆಯವರಿಗೆ ಮನೆ ತೋರಿಸಿಕೊಂಡು ಓಡಾಡಿದ್ದವನು, ಆಮೇಲೆ ದಂಡಿಗೆ ತರಕಾರಿ ಸರಬರಾಜು ಮಾಡಿ ದಪ್ಪಗಾದವನು, ಈಗ ಪುರಸಭೆಯ ಮೆಂಬರು. ಹೊಸ ಮಹಡಿ ಮನೆಯ ಜಗಲಿಯಲ್ಲಿ ಇಬ್ಬರನ್ನೂ ಕೂರಿಸಿ ಕಾಫಿ ಕೊಡಿಸಿದ. ಅಜ್ಜೀ, ಬೈಲಪ್ಪನವರ ಸಾವು, ನಕ್ಷತ್ರ, ಮುಳ್ಳು ಎಲ್ಲ ನೆನಪಿದೆ ಅಂದ. ಒಂದು ವಿಚಾರಣೆ ಇಡಿಸುತ್ತೇನೆ, ಬಂದು ಇದ್ದದ್ದು ಇದ್ದ ಹಾಗೆ ಹೇಳಿ, ಉಳಿದದ್ದು ನನಗೆ ಬಿಡಿ ಎಂದ. ದಾರಿಯಲ್ಲಿ ಬರುವಾಗ ಚಿಕ್ಕಮುನಿಯಮ್ಮ, ನೋಡಿದೆಯಾ ಊರಿನ ಹುಡುಗ ಎಂದಳು. ಆಂಜನಮ್ಮ ಕೆರೆ ಏರಿಯ ಇಳಿಜಾರಿನಲ್ಲಿ ಅತ್ತೆಯ ಕೈ ಹಿಡಿದುಕೊಂಡಳು.

ವಿಚಾರಣೆಯ ದಿನ ಪುರಸಭೆಯ ಸೆಕ್ರೆಟರಿ ಉದ್ದ ಮೇಜಿನ ತುದಿಯಲ್ಲಿ ಕೂತಿದ್ದ. ಎರಡೂ ಪಕ್ಕ ಮೆಂಬರುಗಳು. ಆದಿನಾರಾಯಣ ನೀರಿನ ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದ. ತನ್ನ ಅಜ್ಜಿ, ತನ್ನ ತಾಯಿ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬೇಡವೆಂದು ಆಂಜನಮ್ಮನೇ ಹೇಳಿದ್ದಳು.

ಸೆಕ್ರೆಟರಿ ಹಳೆಯ ಕಾಗದ ಓದಿಸಿ, ಮುದುಕಿಯನ್ನು ನೋಡಿದ. "ಆವತ್ತು ಯಾರೂ ಇಲ್ಲ ಅಂದೆ. ಇವತ್ತು ನಾವೇ ಇದ್ವಿ ಅಂತೀಯ. ಯಾವುದಮ್ಮ ಸುಳ್ಳು?"

"ಎರಡೂ ನಿಜ ಸ್ವಾಮಿ. ಮನೆ ನಮ್ದು. ಆವತ್ತು ಅದರೊಳಗೆ ನಾವು ಇರಬಾರದಾಗಿತ್ತು."

ಯಾರೋ ನಕ್ಕರು. ನಗು ಮೇಜಿನ ಸುತ್ತ ಒಂದು ಸುತ್ತು ಬಂತು. ಸೆಕ್ರೆಟರಿ ರೇಷನ್ ಕಾರ್ಡು ಕೇಳಿದ. ಅದರಲ್ಲಿ ಪಿಳ್ಳಪ್ಪನ ವಠಾರ, ಹಲಸೂರು ಎಂದಿತ್ತು. ಕಾರ್ಡಿನಲ್ಲಿ ಮನೆ ಇದೆಯಲ್ಲ, ಇನ್ನೊಂದು ಯಾಕೆ ಎಂದ. ಊರು ಕಿತ್ತುಹಾಕಿದ ಮೇಲೆ ಎಲ್ಲೋ ಒಂದು ಕಡೆ ಅನ್ನ ಬೇಯಿಸಬೇಕಲ್ಲ ಎಂಬ ಮಾತು ಆಂಜನಮ್ಮನ ಗಂಟಲಿಗೆ ಬಂತು. ಅದನ್ನು ನುಂಗಿ ಅವಳು ಮುನಿರಾಜಪ್ಪನ ಕಡೆ ಕೈ ತೋರಿಸಿದಳು.

"ಸಾಕ್ಷಿ ಹಾಕಿದೋರು ಅಲ್ಲೇ ಕೂತವ್ರೆ. ಆ ಮನೇಲಿ ಮದ್ವೆ ಊಟ ಉಂಡೋರು. ಅವ್ರನ್ನ ಕೇಳಿ."

ಮುನಿರಾಜಪ್ಪ ಮುಂದಿದ್ದ ಕಾಗದಗಳನ್ನು ಅಂಚು ಕೂಡಿಸಿ ಜೋಡಿಸಿದ. "ಅಜ್ಜಿ ಹೇಳಿದ್ದಕ್ಕೆ ನಾನು ಸಾಕ್ಷಿ," ಅಂದ. "ಮನೆಗೆ ಅಲ್ಲ."

"ಸರಿ, ಹಂಗಾದ್ರೆ ಒಂದು ಮಾತು ಹೇಳ್ಬಿಡಿ," ಅಂದಳು ಆಂಜನಮ್ಮ ಸೆಕ್ರೆಟರಿಗೆ. "ದಂಡು ಹೋಗಿ ವರ್ಷ ಆಯ್ತು. ಅಷ್ಟು ಜಾಗ ಬೇಲಿಯೊಳಗೆ ಖಾಲಿ ಬಿದ್ದಿದೆ. ನಾವು ಹೋಗಿ ಯಾರನ್ನ ಕೇಳ್ಬೇಕು? ಯಾರು ಇದಕ್ಕೆ ಉತ್ರ ಹೇಳೋರು?"

ಸೆಕ್ರೆಟರಿ ಗಡಿಯಾರ ನೋಡಿಕೊಂಡು, ಅದಕ್ಕೆ ಬೇರೆ ಅರ್ಜಿ ಕೊಡು ಅಂದ.

ಬೇರೆ ಅರ್ಜಿಯನ್ನೂ ಕೊಟ್ಟರು. ಪುರಸಭೆಯಲ್ಲಿ ಕೇಳಿದರೆ, ದಂಡಿನವರು ಇನ್ನೂ ಜಾಗ ಬಿಟ್ಟುಕೊಟ್ಟಿಲ್ಲ ಅಂದರು. ದಂಡಿನ ಕಚೇರಿಯ ಗುಮಾಸ್ತ, ಬಿಟ್ಟುಕೊಟ್ಟು ಎಷ್ಟು ಕಾಲವಾಯಿತು, ಕಂದಾಯದವರನ್ನು ಕೇಳಿ ಅಂದ. ಕಂದಾಯದವರು ಸೈಟು ಹಂಚುವುದು ಪುರಸಭೆಯ ಕೆಲಸ ಅಂದರು. ಇಂಗ್ಲೀಷರೇ ಗಂಟುಮೂಟೆ ಕಟ್ಟುತ್ತಿದ್ದಾರೆ, ಮುಂದಿನ ಸರ್ಕಾರ ಬರಲಿ ತಡೆಯಿರಿ ಎಂದು ಬುದ್ಧಿ ಹೇಳಿದವರೂ ಇದ್ದರು. ಮೂರು ಕಚೇರಿಗೂ ಚಿಕ್ಕಮುನಿಯಮ್ಮ ಕೋಲೂರಿಕೊಂಡು ಹೋದಳು. ಎಲ್ಲ ಕಡೆಯೂ ಕೇಳದಿದ್ದರೂ ಹೆಬ್ಬೆಟ್ಟನ್ನು ಮುಂದೆ ಚಾಚಿ, ಇದೇ ಸ್ವಾಮಿ ಆ ಬೆರಳು, ನಾನು ಹೇಳಿದ್ದು ತಪ್ಪಾಯಿತು ಎನ್ನುತ್ತಿದ್ದಳು. ಗುಮಾಸ್ತರು ಬೇರೆ ಕಡೆ ನೋಡುತ್ತಿದ್ದರು. ಆಂಜನಮ್ಮನ ಸಿಟ್ಟು ಆ ಬೆರಳನ್ನು ನೋಡಿ ನೋಡಿಯೇ ಕರಗಿತು. ಆ ಸಿಟ್ಟಿಗೆ ಬೇರೆ ಯಾರೂ ಕೈಗೆ ಸಿಕ್ಕುತ್ತಿರಲಿಲ್ಲ ಎನ್ನುವುದು ಅವಳಿಗೆ ಇನ್ನೊಂದು ಸಂಕಟ.

ಪುಷ್ಯದ ಚಳಿಯಲ್ಲಿ ಮುದುಕಿಗೆ ಎದೆ ಕಟ್ಟಿತು. ಬೋರಿಂಗ್ ಆಸ್ಪತ್ರೆಯಿಂದ ತಂದ ಔಷಧಿ ಕುಡಿಸಿ, ಮೆಣಸಿನ ಕಷಾಯ ಕುಡಿಸಿ, ಆಂಜನಮ್ಮ ನಾಲ್ಕು ದಿನ ಬುಟ್ಟಿ ಹೊರಲಿಲ್ಲ. ಅವರೆಕಾಳಿನ ಸಾರಿಗೆ ಮುದ್ದೆಯನ್ನು ಕಿವುಚಿ ತಿನ್ನಿಸುತ್ತಿದ್ದಾಗ ಅತ್ತೆ ಅವಳ ಕೈ ತಡೆದಳು.

"ನಾನು ಯಾವ ನಕ್ಷತ್ರದಲ್ಲಾದ್ರೂ ಹೋಗ್ಲಿ ಕಣೇ," ಅಂದಳು. "ಬಾಗಿಲು ಹಾಕ್ಬೇಡಿ."

"ಸುಮ್ನೆ ಉಣ್ಣಿ ಅತ್ತೆ."

"ನಾನು ವಾಪಸ್ ಬರಲ್ಲ. ಯಾರನ್ನೂ ಕರ್ಕೊಂಡು ಹೋಗಲ್ಲ. ಜೋಯಿಸ್ರು ಕೇಳಿದ್ರೆ ಮುದುಕಿ ಮಾತು ಕೊಟ್ಟವ್ಳೆ ಅಂತ ಹೇಳು."

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಚಿಕ್ಕಮುನಿಯಮ್ಮ ತೀರಿಕೊಂಡಳು. ಆಂಜನಮ್ಮ ಪಂಚಾಂಗದ ಮಾತೆತ್ತಲಿಲ್ಲ. ಪಿಳ್ಳಪ್ಪ ಎತ್ತಿದ. ಹಾಲುತುಪ್ಪ ಬಿಟ್ಟು ಬಂದ ಬೆಳಗ್ಗೆಯೇ ಜೋಯಿಸರನ್ನು ಕೇಳಿಕೊಂಡು ಬಂದು ಜಗಲಿಯಲ್ಲಿ ನಿಂತ. ನಕ್ಷತ್ರ ಸರಿಯಿಲ್ಲವಂತೆ, ಕೋಣೆಯನ್ನು ಆರು ತಿಂಗಳು ಮುಚ್ಚಬೇಕಂತೆ. ಅವನು ಕೆಟ್ಟವನೇನಲ್ಲ. ವಠಾರದಲ್ಲಿ ಹನ್ನೊಂದು ಮನೆ, ಎಲ್ಲರಿಗೂ ಮಕ್ಕಳಿವೆ, ಎಲ್ಲರಿಗೂ ಭಯ. ಸಾಯುವವಳು ಮಾತು ಕೊಟ್ಟಿದ್ದಾಳೆ ಎಂದು ಆಂಜನಮ್ಮ ಹೇಳಿದರೆ, ಮಾತು ಕೊಟ್ಟವರು ಇಲ್ಲವಲ್ಲಮ್ಮ ಎಂದ. ತಿಥಿ ಮುಗಿಯುವವರೆಗೆ ಇರಲು ಬಿಟ್ಟ. ಅದೂ ಉಪಕಾರವೇ.

ತಿಥಿಯ ಮಾರನೆಯ ದಿನ ಆಂಜನಮ್ಮ ಪಾತ್ರೆಗಳನ್ನು ಬುಟ್ಟಿಗೆ ತುಂಬತೊಡಗಿದಳು. ಮುನಿವೆಂಕಟಪ್ಪ, ಎಲ್ಲಿಗೆ ಅಂತ ಹೋಗುವುದು ಎಂದು ಗೋಡೆಗೆ ಒರಗಿ ಕೂತಿದ್ದ. ಕುಕ್ ಟೌನಿನ ದೊರೆಸಾನಿ ಬಂಗಲೆಯ ಕಾರಿನ ಕೊಟ್ಟಿಗೆಯಲ್ಲಿ ಅವನೊಬ್ಬ ಮಲಗಬಹುದು ಅಂದಿದ್ದಳಂತೆ.

"ನಮ್ಮ ಮನೆಗೆ," ಅಂದಳು ಆಂಜನಮ್ಮ.

ಆದಿನಾರಾಯಣ ಬಾಗಿಲಿಗೆ ಅಡ್ಡ ನಿಂತ. "ಬೇಡ ಅಮ್ಮ. ಅಲ್ಲಿಗೆ ಹೋಗ್ಬೇಡ."

"ಯಾಕೆ?"

"ಆ ಜಾಗ ಬೇರೆಯೋರ್ದಾಗೋಗಿದೆ. ಪಾಳು ಅಂತ ಬರೆದಿದ್ರಲ್ಲ, ಅದಕ್ಕೆ ವಾರಸುದಾರ್ರು ಇಲ್ಲ ಅಂತ ಮೆಂಬರುಗಳ ಇಷ್ಟಕ್ಕೆ ಬಿಟ್ಟಿದ್ರು. ಮುನಿರಾಜಪ್ಪನ ಅಳಿಯನ ಹೆಸ್ರಿಗೆ ಬರೆದಾಗಿದೆ, ಸ್ವಾಧೀನ ಕೊಡೋದೊಂದೇ ಬಾಕಿ."

ಅವಳು ಕೈಯಲ್ಲಿದ್ದ ಚೊಂಬನ್ನು ನೆಲದ ಮೇಲಿಟ್ಟಳು. ಯಾವಾಗ ಗೊತ್ತಾಯಿತು ಎಂದು ಕೇಳಿದಳು.

"ವಿಚಾರಣೆಗೆ ಮುಂಚೇನೇ," ಅಂದ ಅವನು. "ಆ ಕಾಗದ ಮೇಜಿಂದ ಮೇಜಿಗೆ ಹೊತ್ತೋನು ನಾನೇ ಅಮ್ಮ. ಹೇಳಿದ್ರೆ ನೀನು ಅಲ್ಲೇ ಜಗಳ ತೆಗೀತಿದ್ದೆ. ಮನೇಲಿ ಖಾತ್ರಿ ಸಂಬಳ ಅಂತ ಬರೋದು ನಂದೊಂದೇ."

"ನಿಮ್ಮಜ್ಜಿ ಮೂರು ಕಚೇರಿ ಬಾಗ್ಲಲ್ಲಿ ಬೆರಳು ತೋರಿಸ್ಕೊಂಡು ನಿಂತಿದ್ಲು. ಆವಾಗ್ಲೂ ನಿಂಗೆ ಗೊತ್ತಿತ್ತು."

ಅವನು ಅತ್ತ. ಆಂಜನಮ್ಮನಿಗೆ ಹೊಡೆಯಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು, ಎರಡನ್ನೂ ಮಾಡಲಿಲ್ಲ. ಮಗನ ಕೆಲಸ ಹೋಗಬಾರದು ಎನ್ನುವುದು ಅವಳಿಗೂ ಗೊತ್ತಿತ್ತು. ನೀನು ನಿನ್ನ ಸ್ನೇಹಿತನ ಕೋಣೆಯಲ್ಲಿರು, ನಮಗೂ ನಿನಗೂ ಸಂಬಂಧವಿಲ್ಲ ಅಂತಲೇ ಆಫೀಸಿನಲ್ಲಿ ಇರಲಿ ಎಂದಳು. ಅವನು ಕೋಟು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಪಿಳ್ಳಪ್ಪ ಬಂದು ಕೋಣೆಯ ಬಾಗಿಲಿಗೆ ಮುಳ್ಳು ಬಡಿದ.

ಗಂಡ ಹೆಂಡತಿ ಇಬ್ಬರೂ ಬೇಲಿಯ ತಂತಿಯನ್ನು ಕೋಲಿನಿಂದ ಎತ್ತಿ ಹಿಡಿದು ನುಸುಳಿದರು. ಹೊಸಿಲ ಮೇಲೆ ಹಾವಿನ ಪೊರೆ ಬಿದ್ದಿತ್ತು. ಒಳಗೆ ಸುಣ್ಣದ ಮೂಟೆಗಳು ನೆನೆದು ಕಲ್ಲಾಗಿದ್ದವು. ಮುನಿವೆಂಕಟಪ್ಪ ಇಡೀ ದಿನ ಅವನ್ನು ಹೊರಗೆ ಉರುಳಿಸಿದ. ಅವನ ಮೈಯಲ್ಲಿ ಅಷ್ಟು ಕಸುವು ಇದೆಯೆಂದು ಆಂಜನಮ್ಮ ಮರೆತೇಬಿಟ್ಟಿದ್ದಳು. ಅವಳು ಗುಡಿಸಿ, ಸಾರಿಸಿ, ಹಳೇ ಒಲೆಗೆ ಮಣ್ಣು ಮೆತ್ತಿ, ದಂಡಿನವರ ಡೇರೆ ಗೂಟಗಳನ್ನು ಒಟ್ಟಿ ಬೆಂಕಿ ಹಾಕಿದಳು. ಬಿಳಿಯರ ಗೂಟಗಳು ಚೆನ್ನಾಗಿ ಉರಿದವು. ಅವತ್ತು ಅವರೆಕಾಳಿನ ಸಾರು, ಮುದ್ದೆ. ಒಂದು ತುತ್ತನ್ನು ಅತ್ತೆಯ ಹೆಸರಿನಲ್ಲಿ ಹೊಸಿಲ ಮೇಲಿಟ್ಟಳು. ಬರುವುದಾದರೆ ಬಂದು ಉಣ್ಣಲಿ, ಈ ಮನೆಯಲ್ಲಿ ಇನ್ನು ಯಾರಿಗೂ ಬಾಗಿಲು ಮುಚ್ಚುವುದಿಲ್ಲ ಎಂದುಕೊಂಡಳು.

ಮಾರನೆಯ ಬೆಳಗಿನಿಂದ ಅವಳು ಮನೆಯ ಹಿಂದೆ ನಾಲ್ಕು ಮಡಿ ಮಾಡಿ ದಂಟು, ಮೆಂತ್ಯ ಚೆಲ್ಲಿದಳು. ಮೆಂತ್ಯ ಬೇಗ ಬಂತು. ಮೊದಲ ಕಂತೆ ಕಿತ್ತ ದಿನ ಮೂಸಿ ನೋಡಿದಳು, ಬಾವಿ ನೀರಿನ ವಾಸನೆ.

ನಾಲ್ಕು ವರ್ಷದ ಅರ್ಜಿಗಳಿಗೆ ಬಾರದವರು ಹದಿನೆಂಟನೆಯ ದಿನಕ್ಕೆ ಬಂದರು. ಇಬ್ಬರೇ. ಮುಂದೆ ಸೈಕಲ್ ತಳ್ಳಿಕೊಂಡು ಪುರಸಭೆಯ ಇನ್ಸ್‌ಪೆಕ್ಟರು, ಹಿಂದೆ ಕಡತ, ಗೋಂದಿನ ಡಬ್ಬಿ, ಇಂಕಿನ ಪ್ಯಾಡು ಹಿಡಿದ ಜವಾನ. ಜವಾನ ಆದಿನಾರಾಯಣ. ಅವನ ಕೆನ್ನೆ ಒಳಕ್ಕೆ ಹೋಗಿತ್ತು. ಹೋಟೆಲಿನ ಊಟ ಹಿಡಿಸುತ್ತಿಲ್ಲ ಎಂದು ಆಂಜನಮ್ಮ ದೂರದಿಂದಲೇ ಕಂಡುಕೊಂಡಳು. ಮುನಿವೆಂಕಟಪ್ಪ ಆಗಷ್ಟೇ ಬಂಗಲೆಯಿಂದ ಬಂದು ಬಾವಿಯ ಬಳಿ ಕಾಲು ತೊಳೆಯುತ್ತಿದ್ದ. ಅವನು ಅಲ್ಲೇ ನಿಂತುಬಿಟ್ಟ.

"ಈ ಮನೇಲಿ ಯಾರಿದ್ದೀರಿ?" ಎಂದು ಕೇಳಿದ ಇನ್ಸ್‌ಪೆಕ್ಟರು.

"ನಾವಿದ್ದೀವಿ," ಅಂದಳು ಆಂಜನಮ್ಮ.

"ಎಷ್ಟು ದಿನದಿಂದ?"

"ನಾನು ಮದ್ವೆಯಾಗಿ ಬಂದು ಇಪ್ಪತ್ತೆರಡು ವರ್ಷ. ಅದಕ್ಕೆ ಮುಂಚೆ ಎಷ್ಟು ಅಂತ ಹೇಳೋರು ಈಗಿಲ್ಲ."

ಅವನು ಕಟ್ಟೆಯ ಮೇಲೆ ಕೂತು ಇಂಗ್ಲೀಷಿನಲ್ಲಿ ಬರೆದ. ಬರೆದು, ಹೆಬ್ಬೆಟ್ಟು ಒತ್ತಿಸು ಎಂದು ಜವಾನನಿಗೆ ಹೇಳಿದ. ಆಂಜನಮ್ಮ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಏನು ಬರೆದಿದೆ ಎಂದು ಓದಿ ಹೇಳದೆ ಒತ್ತುವುದಿಲ್ಲ ಅಂದಳು. ಇನ್ಸ್‌ಪೆಕ್ಟರಿಗೆ ಹೊತ್ತಾಗುತ್ತಿತ್ತು. ಓದಿ ಹೇಳೋ ಎಂದು ಕಾಗದವನ್ನು ಆದಿನಾರಾಯಣನ ಕೈಗೆ ಕೊಟ್ಟ.

ಅವನು ನಿಧಾನವಾಗಿ ಕನ್ನಡ ಮಾಡಿ ಹೇಳಿದ. "ಸರ್ಕಾರದ ಖಾಲಿ ಜಾಗದ ಕಟ್ಟಡದಲ್ಲಿ, ಮುನಿವೆಂಕಟಪ್ಪನ ಹೆಂಡತಿ ಆಂಜನಮ್ಮ, ಗಂಡನ ಸಹಿತ, ಹದಿನೆಂಟು ದಿನಗಳಿಂದ ಅಕ್ರಮವಾಗಿ ವಾಸವಾಗಿದ್ದಾಳೆ. ಏಳು ದಿನದೊಳಗೆ ಖಾಲಿ ಮಾಡದಿದ್ದರೆ ಕಟ್ಟಡ ಕೆಡವಲಾಗುವುದು."

"ವಾಸವಾಗಿದ್ದಾಳೆ ಅಂತ ಇದೆಯಾ?"

"ಇದೆ."

"ಇನ್ನೊಂದ್ಸಲ ನೋಡಿ ಹೇಳು."

"ಇದೆ ಅಮ್ಮ," ಅಂದ. ಅಮ್ಮ ಎಂದದ್ದನ್ನು ಇನ್ಸ್‌ಪೆಕ್ಟರು ಗಮನಿಸಲಿಲ್ಲ. ಎಲ್ಲ ಹೆಂಗಸರನ್ನೂ ಜವಾನರು ಹಾಗೇ ಅನ್ನುತ್ತಾರೆ.

ಈ ಮನೆಯಲ್ಲಿ ಅವರಿದ್ದಾರೆಂದು ಸರ್ಕಾರ ಬರೆದ ಮೊದಲ ಕಾಗದ ಅದು. ಆಂಜನಮ್ಮ ಕೈ ಚಾಚಿದಳು. ಆದಿನಾರಾಯಣ ಅವಳ ಹೆಬ್ಬೆರಳನ್ನು ಪ್ಯಾಡಿನ ಮೇಲಿಟ್ಟ.

"ಗಟ್ಟಿಯಾಗಿ ಒತ್ತಪ್ಪ," ಅಂದಳು. "ಸರಿಯಾಗಿ ಮೂಡ್ಲಿ."

ಕಾಗದದ ಇನ್ನೊಂದು ಪ್ರತಿಯನ್ನು ಅವನು ಗೋಂದು ಬಳಿದು ಬಾಗಿಲಿಗೆ ಅಂಟಿಸಿದ. ನಾಲ್ಕು ವರ್ಷದ ಹಿಂದೆ ಜಾಲಿಮುಳ್ಳು ಬಡಿದಿದ್ದ ಮೊಳೆಯ ತೂತುಗಳ ಮೇಲೆಯೇ ಅದು ಕೂತಿತು. ಉಂಡು ಹೋಗು ಎಂದು ಅವಳು ಮೆಲ್ಲಗೆ ಅಂದಳು. ಇನ್ಸ್‌ಪೆಕ್ಟರು ಆಗಲೇ ಬೇಲಿಯ ಹತ್ತಿರ ಹೋಗಿ ಗಂಟೆ ಬಾರಿಸುತ್ತಿದ್ದ. ಆದಿನಾರಾಯಣ ತಲೆ ಅಲ್ಲಾಡಿಸಿ ಓಡಿದ.

ಆಂಜನಮ್ಮ ಬಾವಿಯ ಬಳಿ ಹೋಗಿ ಬೆರಳನ್ನು ಬೂದಿ ಹಾಕಿ ಉಜ್ಜಿದಳು. ನೇರಳೆ ಇಂಕು ಪೂರ್ತಿ ಹೋಗಲಿಲ್ಲ. ಎಸರು ಕಾಯುತ್ತಿತ್ತು, ಹಿಟ್ಟು ಹಾಕಿ ತಿರುವಿ ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಮುದ್ದೆಯ ಮೇಲೆ ಹೆಬ್ಬೆಟ್ಟಿನಷ್ಟಗಲ ತೆಳ್ಳಗೆ ನೇರಳೆ ಬಣ್ಣ ಹತ್ತಿಕೊಂಡಿತ್ತು. ಮುನಿವೆಂಕಟಪ್ಪ ಅದನ್ನು ನೋಡಿದ. ಆ ಕಡೆಯಿಂದಲೇ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ.